ಮೂರು ದೋಣಿಯ ಪರೀಕ್ಷೆ

ಅಕ್ಕನಿಗೆ,

ಮೊದಲು ತಪ್ಪೊಪ್ಪಿಗೆ. ದೀಪಸ್ತಂಭಕ್ಕೆ ಐವತ್ತೇ ಮೆಟ್ಟಿಲೆಂದು ಸುಳ್ಳು ಹೇಳಿ ಅಪ್ಪನನ್ನು ಇನ್ನೂರ ಹನ್ನೆರಡು ಹತ್ತಿಸಿದೆ. ಅವರ ಮೊಣಕಾಲು ಊದಿದೆ, ಪಾಪ ನನ್ನದು. ಆದರೆ ಬೇರೆ ದಾರಿಯಿರಲಿಲ್ಲ. ಬಲಗಣ್ಣಂತೂ ಹೋಗಿದೆ; ಎಡಗಣ್ಣಿಗೆ ದೂರದ್ದು ಇನ್ನೂ ಕಾಣುತ್ತಿದ್ದರೆ ಮಾತ್ರ ಆಪರೇಷನ್ನಿನಿಂದ ಪ್ರಯೋಜನ ಎಂದಿದ್ದಾರೆ ಡಾಕ್ಟರು. ಅಪ್ಪನೋ ಆಸ್ಪತ್ರೆಯ ಅಕ್ಷರದ ಪಟ್ಟಿಯನ್ನು ಬಾಯಿಪಾಠ ಮಾಡಿಟ್ಟಿದ್ದಾರೆ. ಸಮುದ್ರವನ್ನು ಬಾಯಿಪಾಠ ಮಾಡಲಾಗದು ಎಂಬ ನನ್ನ ಬುದ್ಧಿವಂತಿಕೆಯೇ ಈ ಪ್ರವಾಸ. ಇಷ್ಟು ಬಿಗಿಯಾದ ಕಣ್ಣಿನ ಪರೀಕ್ಷೆಯನ್ನು ಯಾವ ಡಾಕ್ಟರೂ ಮಾಡಿರಲಾರರು.

ಹೆಂಡತಿ, ಮಕ್ಕಳು ಕೆಳಗೆ ಐಸ್‌ಕ್ರೀಮಿನ ಸಾಲಿನಲ್ಲಿ ನಿಂತರು. ಮೇಲೆ ಸೊಂಟದೆತ್ತರದ ಕಂಬಿ, ಕಿವಿ ಕಿತ್ತುಕೊಂಡು ಹೋಗುವಂಥ ಗಾಳಿ.

"ಏನೇನು ಕಾಣ್ತಿದೆ ಹೇಳಿ ಅಪ್ಪಾ" ಎಂದೆ.

"ಮೂರು ದೋಣಿ. ಒಂದರ ಹಾಯಿ ಕೆಂಪು. ಯಾಕೋ, ನಿನಗೆ ಕಾಣ್ತಿಲ್ವಾ?"

"ಪರೀಕ್ಷೆ ಮಾಡೋನು ನಾನು, ಬರೆಯೋರು ನೀವು. ಎಷ್ಟು ದೂರ?"

"ದೂರ ಕಣೋ. ಆದ್ರೆ ಚೆನ್ನಾಗಿ ಕಾಣ್ತಿವೆ. ನಿಮ್ಮಕ್ಕನಿಗೆ ಬರೆದುಬಿಡು."

ಕಣ್ಣಿನ ಹನಿ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೇವೆ. ಇವತ್ತು ಬೆಳಿಗ್ಗೆ ಅಪ್ಪ ಚಹಾವನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದರು. ನೋಡಿಯೂ ನೋಡದವರಂತೆ ಒರೆಸಿದೆವು. ಸ್ತಂಭ ಇಳಿದಾಗಿನಿಂದ ಮಂಜು ಮುಸುಕಿ ಎದುರಿನ ಮರವೂ ಕಾಣುತ್ತಿಲ್ಲ. ನಾಳೆ ಹೊರಡುತ್ತೇವೆ.

ಕಾಗದದಲ್ಲಿ ಜಾಗ ಮುಗಿಯುತ್ತಾ ಬಂತು. ಡಾಕ್ಟರಿಗೆ ಮಾತ್ರ ಇನ್ನೂ ಏನೂ ಹೇಳಬೇಡ. ಅಷ್ಟೆತ್ತರಕ್ಕೆ ಹೋದದ್ದೇ ನನಗೆ ತಲೆ ಸುತ್ತಿತು ಅಕ್ಕಾ. ಇಳಿಯುವ ತನಕ ಅಪ್ಪನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡೇ ಇದ್ದೆ. ದೋಣಿಗಳಿದ್ದವೋ ಇಲ್ಲವೋ, ನಾನು ನೋಡಲಿಲ್ಲ.

ನಿನ್ನ ತಮ್ಮ