ಮೂರನೆಯ ಆರಾಮ

ಕೆಂಗುಡಿ ಪೇಟೆ,
ಎರಡನೆಯ ಅಧಿಕ ಚೈತ್ರದ ಮೂವತ್ತೈದನೆಯ ದಿನ, 2219

ಹಿಂದಿನವರಾದ ನಿಮಗೆ, ಮುಂದಿನವನಾದ ಮಹಾರುದ್ರ ಕೌಲಗಿಯ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬಿದ್ದದ್ದಲ್ಲ. ನಿಮ್ಮಲ್ಲಿ ಅಧಿಕಮಾಸ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತಂತೆ, ಬಂದಷ್ಟೇ ಸಭ್ಯವಾಗಿ ಹೋಗುತ್ತಲೂ ಇತ್ತಂತೆ. ನಮ್ಮಲ್ಲಿ ಅದು ವರ್ಷಕ್ಕೆರಡು ಸಲ ಬರುತ್ತದೆ ಮತ್ತು ಮೂವತ್ತು ದಿನಕ್ಕೆ ನಿಲ್ಲುವುದಿಲ್ಲ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ, ಉತ್ತರ ತರಿಸಿಕೊಳ್ಳುವ ಏರ್ಪಾಡಿಲ್ಲ. ಅಲ್ಲಲ್ಲಿ ನನ್ನ ಶಬ್ದಗಳು ನಿಮ್ಮ ಕಿವಿಗೆ ಒರಟಾದರೆ ಕ್ಷಮಿಸಬೇಕು. ನಾನು ಕನ್ನಡದಲ್ಲಿ ಬಿ.ಎ. ಮಾಡಿದವನು. ಈ ಕಾಲದಲ್ಲಿ ಅದಕ್ಕೆ ಸಿಗುವ ಕೆಲಸ ಒಂದೇ, ಸರಕಾರಿ ಫಲಕಗಳಿಗೆ ಪ್ರಾಸ ಹೊಂದಿಸುವುದು. ಇಪ್ಪತ್ತೆರಡು ವರ್ಷ ಹೊಂದಿಸಿದ್ದೇನೆ. ಈಗ ಬೇಡವೆಂದರೂ ಬರುತ್ತದೆ, ಬಿಕ್ಕಳಿಕೆಯಂತೆ.

ನಿಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದದ್ದು ನಿಮಗೆ ಗೊತ್ತಿರಬಹುದು. ನಮ್ಮ ಹಗೇವುಗಳಲ್ಲಿ ಜನರನ್ನು ತುಂಬಿಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಮೇಲೆ ಐವತ್ತೇಳು ಡಿಗ್ರಿ. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಕೂಗುತ್ತದೆ, ಓಣಿಯ ಜನವೆಲ್ಲ ಅರವತ್ತು ಮೆಟ್ಟಿಲು ಇಳಿಯುತ್ತದೆ, ರಬ್ಬರಿನ ಅಂಚಿನ ಬಾಗಿಲು ಮುಚ್ಚುತ್ತದೆ, ಸಂಜೆ ಐದಕ್ಕೆ ತೆರೆಯುತ್ತದೆ. ಒಳಗೆ ಜೀವನ ಎಂದಿನಂತೆಯೇ. ಮಕ್ಕಳಿಗೆ ಮಗ್ಗಿ, ಮುದುಕರಿಗೆ ಮಜ್ಜಿಗೆ, ನಡುವಿನವರಿಗೆ ಜಗಳ. ನೆಂಟಸ್ತನ ಕುದುರುವುದೂ ಅಲ್ಲಿಯೇ, ಮುರಿಯುವುದೂ ಅಲ್ಲಿಯೇ, ಎದ್ದು ಹೋಗಲು ಜಾಗವಿಲ್ಲದ್ದರಿಂದ ಮುರಿದವರೂ ಐದು ಗಂಟೆಯ ತನಕ ಪಕ್ಕಪಕ್ಕದಲ್ಲೇ ಕೂತಿರುತ್ತಾರೆ. ಪ್ರತಿ ಹಗೇವಿನ ಬಾಗಿಲ ಮೇಲೆ ನನ್ನದೊಂದು ಪ್ರಾಸವಿದೆ: ‘ಕೂಗಿದರೆ ಇಳಿ, ಇಳಿದರೆ ಉಳಿ.’ ಅದಕ್ಕೆ ನನಗೊಂದು ಶಾಲು ಹೊದಿಸಿದ್ದರು. ಐವತ್ತೇಳು ಡಿಗ್ರಿಯ ಊರಿನಲ್ಲಿ ಶಾಲು.

ನನ್ನ ತಂಗಿ ಸಾವಂತ್ರಿ ಏಳನೆಯ ಹಗೇವಿನ ಬಾಗಿಲವ್ವ, ಎಂದರೆ ಬಾಗಿಲಿನ ಕೀಲಿಯ ಜವಾಬ್ದಾರಿ ಹೊತ್ತವಳು. ಎರಡು ಬೇಸಿಗೆಯ ಕೆಳಗೆ ಒಂದು ಮಧ್ಯಾಹ್ನ ಗಾಳಿಯ ಯಂತ್ರ ನಿಂತಿತು. ಬಾಗಿಲು ತೆರೆಯಲು ಹೋದಳು. ಕೀಲಿ ತಿರುಗಿತು, ಬಾಗಿಲು ತೆರೆಯಲಿಲ್ಲ, ಕಾವಿಗೆ ಉಬ್ಬಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಹೊರಗಿನವರು ಅದನ್ನು ಒಡೆಯುವ ಹೊತ್ತಿಗೆ ಎರಡೂವರೆ ತಾಸು ಕಳೆದಿತ್ತು. ಇಳಿದವರು ಹತ್ತೊಂಬತ್ತು ಮಂದಿ, ಏರಿ ಬಂದವರು ಎಂಟು. ಅಂದಿನಿಂದ ಅವಳು ಮನೆಯ ಯಾವ ಬಾಗಿಲನ್ನೂ ಮುಚ್ಚಗೊಡುವುದಿಲ್ಲ. ಮಧ್ಯಾಹ್ನವಾದರೆ ಬಲಗೈ ತಾನಾಗಿಯೇ ಕೀಲಿ ತಿರುವುತ್ತದೆ, ಮಣಿಕಟ್ಟು ಊದಿಕೊಳ್ಳುವವರೆಗೆ. ಮೆಟ್ಟಿಲ ಬಾಯಿಯಲ್ಲಿ ನಿಲ್ಲಿಸಿದರೆ ಉಸಿರು ಕಟ್ಟಿ ಬೀಳುತ್ತಾಳೆ. ಇಂಥದ್ದಕ್ಕೆ ನಾವು ಒಳಪೆಟ್ಟು ಎನ್ನುತ್ತೇವೆ. ನಿಮ್ಮಲ್ಲೂ ಇತ್ತು, ಹೆಸರು ಬೇರೆ ಇದ್ದಿರಬಹುದು.

ಒಳಪೆಟ್ಟಿನವರಿಗೆ ಒಂದು ದಾರಿ ಇದೆ. ಮುತ್ತಲಗಟ್ಟಿಯಂಥ ಎತ್ತರದ ಕೆಲವು ಊರುಗಳಲ್ಲಿ ದಪ್ಪ ಗೋಡೆಯ, ಕಿಟಕಿಗಳಿರುವ ಮೇಲುಕೋಣೆಗಳಿವೆ. ಯಂತ್ರವಿಟ್ಟು ತಂಪು ಮಾಡಿರುತ್ತಾರೆ. ವೈದ್ಯರು ಚೀಟಿ ಬರೆದುಕೊಟ್ಟರೆ ಹಗೇವಿಗೆ ಇಳಿಯದೆ ಅಲ್ಲಿ ಬೇಸಿಗೆ ಕಳೆಯಬಹುದು. ಏರಿ ಬಂದ ಎಂಟು ಮಂದಿಗೆ ಹೋದ ಬೇಸಿಗೆ ಮಾತ್ರ ಕೇಳದೆಯೇ ಚೀಟಿ ಸಿಕ್ಕಿತ್ತು. ಚೀಟಿ ಇಲ್ಲದವರು ಇಳಿಯಲೇಬೇಕು. ಇಳಿಯದವರಿಗಾಗಿ ಇಳಿಸುವವರಿದ್ದಾರೆ. ಇಬ್ಬರು ಬರುತ್ತಾರೆ, ಬಹಳ ಮರ್ಯಾದಸ್ಥರು, ಚಪ್ಪಲಿ ಬಿಟ್ಟು ಒಳಗೆ ಬಂದು ರಟ್ಟೆ ಹಿಡಿಯುತ್ತಾರೆ. ಹೋದ ವರ್ಷ ಪಕ್ಕದ ಓಣಿಯ ಒಬ್ಬಾಕೆಯನ್ನು ಇಳಿಸಿದರು. ಮೊದಲ ಸಂಜೆ ಆಕೆ ತನ್ನ ಕಾಲ ಮೇಲೆ ಬಂದಳು. ಎರಡನೆಯ ಸಂಜೆ ಬರಲಿಲ್ಲ.

ಆದ್ದರಿಂದ ಚೀಟಿ ಬರೆಯುವ ವೈದ್ಯರನ್ನು ಹುಡುಕಿಕೊಂಡು ಹೊರಟೆವು. ನಮ್ಮೂರಿನ ಡಾಕ್ಟರ್ ಮುಳಗುಂದ ಬಾಗಿಲಲ್ಲೇ ಎದುರಾದರು. “ಏನ್ ಸಾವಂತ್ರವ್ವಾ, ಆರಾಮ?” ಎಂದರು. “ಆರಾಮ್ರೀ ಸರ್,” ಎಂದಳು ತಂಗಿ. ನಮ್ಮ ಕಡೆ ಸ್ಮಶಾನದ ದಾರಿಯಲ್ಲಿ ಕೇಳಿದರೂ ಬರುವ ಉತ್ತರ ಅದೇ. ಆರಾಮವೆಂದರೆ ಉತ್ತರವಲ್ಲ, ಕೈಮುಗಿದಂತೆ ಅದೊಂದು ರೂಢಿ. ಡಾಕ್ಟರು ಊದಿದ ಮಣಿಕಟ್ಟು ನೋಡಿ ಎಣ್ಣೆ ಬರೆದುಕೊಟ್ಟರು, ಮೇಲೊಂದು ಪಟ್ಟಿ ಕಟ್ಟಿಸಿದರು. ಕೈ ಏಕೆ ತಿರುಗುತ್ತದೆಂದು ಕೇಳಲಿಲ್ಲ. ತಿರುಗದಂತೆ ಕಟ್ಟಿದ ಮೇಲೆ ಕೇಳುವುದೇನು ಉಳಿಯಿತು. ಚೀಟಿ ಸಿಗದೆ ಜಿಲ್ಲಾ ದವಾಖಾನೆಗೆ ಹೋದೆವು. ಗೇಟಿನಲ್ಲಿ ಚಪರಾಸಿಯೂ ಅದನ್ನೇ ಕೇಳಿದ, ಅವನಿಗೂ ಅವಳು ಆರಾಮವೆಂದಳು. ಅಲ್ಲಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ‘ಮೂರು ಸಲ ಆರಾಮ, ಕಡತಕ್ಕೆ ವಿರಾಮ.’ ರೋಗಿ ಮೂರು ಸಲ ಆರಾಮ ಎಂದರೆ ಗುಣವಾಯಿತೆಂದು ಕಡತ ಮುಚ್ಚುವುದು ನಿಯಮ, ಊರ ಡಾಕ್ಟರ ಬಾಗಿಲಲ್ಲಿ ಅಂದದ್ದೂ, ಗೇಟಿನಲ್ಲಿ ಅಂದದ್ದೂ ಸೇರುತ್ತದೆ. ಪ್ರಾಸ ಯಾರದೆಂದು ನೀವು ಕೇಳುವುದಿಲ್ಲವೆಂದುಕೊಂಡಿದ್ದೇನೆ.

ಒಳಗೆ ಕಿವಿಗಂಬ ನಿಂತಿತ್ತು. ವೈದ್ಯರು ಸಾಲದ್ದರಿಂದ ಮಾಡಿದ ಏರ್ಪಾಡು ಅದು, ಆಳೆತ್ತರದ ಕಂಬ, ಎದೆಮಟ್ಟದಲ್ಲಿ ತೂತು. ನೀವು ಹೇಳಿದ್ದನ್ನು ಕೇಳುತ್ತದೆ, ತೂಗುತ್ತದೆ, ತೀರ್ಮಾನಿಸುತ್ತದೆ. ಅದಕ್ಕೆ ವಿದ್ಯೆ ಕಲಿಸಿದ್ದು ನಿಮ್ಮ ಕಾಲದ ದವಾಖಾನೆಗಳ ರೋಗಿಗಳ ದಾಖಲೆ ಪುಸ್ತಕಗಳಿಂದ. ಹೊರಗೆ ಐವತ್ತು ಮಂದಿ ಕಾಯುತ್ತಿರುವಾಗ, ಎರಡು ನಿಮಿಷ ನೋಡಿ, ಕೊನೆಗೆ ‘ಆರಾಮ’ ಎಂದು ಬರೆದು ಮುಂದಿನವರನ್ನು ಕರೆದ ವೈದ್ಯರ ಪುಸ್ತಕಗಳು. ಕಂಬ ಅದನ್ನು ನಂಬಿತು. ನಂಬುವುದೊಂದೇ ಅದಕ್ಕೆ ಬರುತ್ತದೆ.

ಗೇಟಿನಿಂದ ಕಂಬದ ತನಕ ನಾನು ಸಾವಂತ್ರಿಗೆ ಹೇಳಿಕೊಂಡು ಬಂದಿದ್ದೆ, ಆ ಒಂದು ಶಬ್ದ ಮಾತ್ರ ಆಡಬೇಡವೆಂದು. ಕಂಬ ಇಂಪಾಗಿ ಕೇಳಿತು, “ಆರಾಮ ಇದ್ದೀರೇನ್ರೀ?” ಅವಳು ತುಟಿ ಕಚ್ಚಿ ನಿಂತಳು. ಮತ್ತೆ ಕೇಳಿತು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಅಷ್ಟು ಮೃದುವಾಗಿ ಕೇಳಿದವರಿಗೆ ಉತ್ತರ ಕೊಡದೆ ನಿಲ್ಲುವುದೆಂದರೆ ನನಗೆ ಬೆವರು ಬಂತು. ಕಂಬ ಮೂರನೆಯ ಸಲ, “ಮನ್ಯಾಗ ಎಲ್ಲಾರೂ ಆರಾಮ?” ಎಂದಿತು.

“ಹೂನ್ರೀ, ಎಲ್ಲಾ ಆರಾಮ. ನೀವು?” ಎಂದೆ ನಾನು.

ಕಂಬ ತಾನೂ ಆರಾಮವೆಂದಿತು. ಹಸಿರು ದೀಪ ಹತ್ತಿತು. ಎಣಿಸಿದರೆ ಮೊದಲ ಎರಡು ಅವಳವು, ಮೂರನೆಯದು ನನ್ನದು, ಕಂಬಕ್ಕೆ ಧ್ವನಿಯ ಭೇದವಿಲ್ಲ. ಕಡತ ಮುಚ್ಚಿತು. ಬೇಸಿಗೆಯ ಮೊದಲ ಸೈರನ್ನಿಗೆ ಅವಳು ಏಳನೆಯ ಹಗೇವಿನ ಬಾಗಿಲಲ್ಲಿ ಹಾಜರಾಗಬೇಕೆಂದು, ಹೊಸ ಕೀಲಿಯ ಸಮೇತ, ಮನೆಗೆ ಆಜ್ಞೆ ಬಂತು. ಅಂದು ವಾಪಸು ಬರುವಾಗ ಸಾವಂತ್ರಿ ಒಂದೇ ಮಾತು ಆಡಿದ್ದಳು: “ಅಣ್ಣಾ, ನೀ ಪ್ರಾಸಾ ಚಲೋ ಕೂಡಸ್ತೀ.”

ಮುಚ್ಚಿದ ಕಡತವನ್ನು ತೆರೆಯುವ ಅಧಿಕಾರ ಕಂಬಕ್ಕಿಲ್ಲ, ಮನುಷ್ಯ ವೈದ್ಯರಿಗೆ ಮಾತ್ರ ಇದೆ. ಅಂಥವರನ್ನು ಹುಡುಕುತ್ತ ಐದು ಊರು ತಿರುಗಿದೆವು. ಒಬ್ಬರು, ಸತ್ತವರು ಸತ್ತರು, ಇದ್ದವರು ಮರೆಯಬೇಕು ಎಂದರು. ಇನ್ನೊಬ್ಬರು ಗುಳಿಗೆ ಕೊಡಲು ಬಂದರು. ನುಂಗಿದರೆ ಇಳಿಸುವಾಗ ಸದ್ದು ಮಾಡುವುದಿಲ್ಲವಂತೆ. ಮತ್ತೊಬ್ಬರು ಎಲ್ಲವನ್ನೂ ಕೇಳಿದರು, ವಿವರವಾಗಿ ಕೇಳಿದರು, ಆದರೆ ನನ್ನನ್ನು ಕೇಳಿದರು. ನಾನೂ ಬುದ್ಧಿ ಕಲಿಯದೆ ಹೇಳಿದೆ. ಕೊನೆಗೆ ದಾರಿ ತೋರಿಸಿದವಳು ಸೌತೆಕಾಯಿ ಮಾರುವಾಕೆ. ಖಾನಾವಳಿಯ ಒಳಗೆ ಬಾರದೆ ಹೊಸ್ತಿಲ ಮೇಲೆ ನಿಂತು ಉಣ್ಣುತ್ತಿದ್ದ ತಂಗಿಯನ್ನು ನೋಡಿ ಆಕೆ ಕೇಳಿದಳು, “ಯಾವ ಹಗೇವ ತಂಗೀ?” ಆಮೇಲೆಂದಳು, “ನನ್ನದ ಮೂರನೇದು. ಮುತ್ತಲಗಟ್ಟಿ ನದಾಫ್ ಡಾಕ್ಟರ್ ಬಾಯಾರ ಕಡೆ ಹೋಗ್ರಿ. ನಾ ಈಗ ಬಾಗಲಾ ಅರ್ಧಾ ಮುಚ್ಕೊಂಡು ಮಲಗ್ತೀನಿ.”

ಡಾಕ್ಟರ್ ಜೈನಾಬಿ ನದಾಫರಿಗೆ ಅರವತ್ತು ದಾಟಿದೆ. ಗೋಡೆಯ ಮೇಲೆ ಪ್ರಾಸವಿಲ್ಲ, ಅಷ್ಟಕ್ಕೇ ನನಗೆ ಅನುಮಾನ ಬಂದಿತ್ತು. ಆಕೆ ಆರಾಮವೇ ಎಂದು ಕೇಳಲಿಲ್ಲ. “ಬಾಗಲಾ ತೆರದಿಡ್ಲೋ, ಮುಂದ ಮಾಡ್ಲೋ?” ಎಂದರು. ತೆರೆದಿಡಿ ಎಂದು ನಾನೆಂದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಕಾದರು. ಬಹಳ ಹೊತ್ತಾದ ಮೇಲೆ ಸಾವಂತ್ರಿ, “ತೆರದಿಡ್ರಿ,” ಎಂದಳು. “ಎಲ್ಲಿ ಕೂಡ್ತೀರವಾ?” ಎಂದರು. ಅವಳು ಕುರ್ಚಿಯನ್ನು ಹೊಸ್ತಿಲಿಗೆ ಎಳೆದುಕೊಂಡಳು. ಡಾಕ್ಟರರೂ ತಮ್ಮ ಕುರ್ಚಿ ಎತ್ತಿಕೊಂಡು ಅಲ್ಲಿಗೇ ಬಂದರು. “ಇವತ್ತ ಹೇಳಬೇಕಂತ ಏನೂ ಇಲ್ಲ. ಸುಮ್ಮ ಕೂತ್ರೂ ನಡೀತೈತಿ. ಸಾಕು ಅನಿಸಿದ್ರ ಕೈ ಎತ್ತು, ನಿಲ್ಲಸ್ತೀನಿ.” ಆಮೇಲೆ ನನಗೆ, “ಅಣ್ಣಾರ, ನೀವು ಬೇವಿನ ಗಿಡದ ಕಡೆ ಕೂಡ್ರಿ. ಆಕಿಗಿ ಬಾಯಿ ಐತಿ.”

ಹೀಗೆ ನಾನು ಹೊರಗುಳಿದೆ. ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ, ಆದ್ದರಿಂದ ನಿಮಗೂ ತಿಳಿಯುವುದಿಲ್ಲ. ಎರಡು ತಾಸಿನ ಮೇಲಾಯಿತು. ಸಾಲಿನಲ್ಲಿದ್ದವರು ನಿಟ್ಟುಸಿರು ಬಿಟ್ಟರು. ಒಬ್ಬ ಹಿರಿಯರು, “ಒಳಗ ಭಾರತಾ ಓದಾಕ್ಹತ್ತಾರೋ ಏನು,” ಎಂದರು. ನಾನೂ ನಾಚಿಕೆಯಿಂದ ನಕ್ಕೆ. ಸಾವಂತ್ರಿ ಹೊರಗೆ ಬಂದು, “ಹಸಿವ್ಯಾಗೇತಿ,” ಎಂದಳು. ಎರಡು ವರ್ಷದಲ್ಲಿ ಮೊದಲ ಸಲ. ಡಾಕ್ಟರು ಕಡತ ತೆರೆದು ಈ ಬೇಸಿಗೆಗೆ ಚೀಟಿ ಬರೆದರು. ಗುಣವಾಗುತ್ತದೆಯೇ ಎಂದೆ. “ಅದನ್ನ ಇವತ್ತ ಹೇಳಂಗಿಲ್ಲ. ಆಕಿ ಬರ್ತೀನಿ ಅಂದ್ರ ನಾ ಇಲ್ಲೇ ಇರ್ತೀನಿ,” ಎಂದರು.

ಏಳು ವಾರ ಹೋದೆವು. ಕೈ ತಿರುಗುವುದು ನಿಂತಿಲ್ಲ, ಆದರೆ ಬಚ್ಚಲಿನ ಬಾಗಿಲನ್ನು ಅವಳು ಈಗ ಮುಕ್ಕಾಲು ಮುಚ್ಚುತ್ತಾಳೆ. ಮೊನ್ನೆ ಬುಧವಾರ ಆದೇಶ ಬಂತು. ಸಾಲಿನಲ್ಲಿ ಕಾದವರ ದೂರಿನ ಮೇರೆಗೆ, ಮುತ್ತಲಗಟ್ಟಿಯ ವೈದ್ಯರ ಹುದ್ದೆ ಶನಿವಾರಕ್ಕೆ ರದ್ದು. ಅಲ್ಲಿಗೊಂದು ಕಿವಿಗಂಬ ಬರುತ್ತದೆ. ಹುದ್ದೆ ಹೋದವರು ಬರೆದ ಚೀಟಿಗಳೂ ಅಂದಿಗೇ ರದ್ದು, ಮೇಲುಕೋಣೆಯ ತಂಪಿನ ಯಂತ್ರವನ್ನು ಬಿಚ್ಚಿಕೊಂಡು ಹೋಗುತ್ತಾರೆ. ದೂರುಗಳ ಪ್ರತಿ ಲಗತ್ತಾಗಿತ್ತು. ಅದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲರಿಗೂ ಮನೆಯಲ್ಲಿ ಕೆಲಸವಿತ್ತು.

ಸೋಮವಾರ ಮೊದಲ ಸೈರನ್. ಡಾಕ್ಟರು ಮೇಲುಕೋಣೆಯ ಕೀಲಿ ಹಿಂದಿರುಗಿಸುವುದಿಲ್ಲವೆಂದಿದ್ದಾರೆ. ಯಂತ್ರವಿಲ್ಲ, ಕಿಟಕಿಗೆ ಲಾವಂಚದ ಚಾಪೆ, ಚಾಪೆಗೆ ನೀರು, ಅಷ್ಟೇ. ಹನ್ನೆರಡು ಮಂದಿ ಒಳಪೆಟ್ಟಿನವರು, ಹದಿಮೂರನೆಯವರು ಅವರೇ. ಐವತ್ತೇಳು ಡಿಗ್ರಿಯನ್ನು ಒದ್ದೆ ಚಾಪೆ ತಡೆಯುತ್ತದೆಯೇ ಎಂದು ಯಾರೂ ನೋಡಿಲ್ಲ, ಇಳಿಸುವವರು ಅಲ್ಲಿಗೆ ಬರುವುದಿಲ್ಲವೆಂಬ ಭರವಸೆಯೂ ಇಲ್ಲ. ನಾನೂ ಬರುತ್ತೇನೆಂದೆ. ಸಾವಂತ್ರಿ, “ಬ್ಯಾಡಣ್ಣಾ. ನೀ ಕೆಳಗ ಹೋಗು. ಇದು ನಾ ಹೇಳಿದ್ದು,” ಎಂದಳು. ಅದು ಅವಳ ಉತ್ತರ, ತಿದ್ದುವ ಹಕ್ಕು ನನಗಿಲ್ಲ. ಅಂದು ಅವಳು ಮೇಲಿರುತ್ತಾಳೆ, ನಾನು ಕೆಳಗಿರುತ್ತೇನೆ. ಸಂಜೆ ಏನಾಯಿತೆಂದು ಬರೆಯಲು ನನ್ನ ಬಳಿ ಇನ್ನೊಂದು ಕಾಗದವಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಒಳಪೆಟ್ಟಿನ ನಿಮ್ಮವರನ್ನು ಕರೆದೊಯ್ದಾಗ ಅವರ ಬದಲು ಮಾತಾಡಬೇಡಿ. ವೈದ್ಯರು ಕೇಳಿಸಿಕೊಳ್ಳದಿದ್ದರೆ ಎದ್ದು ಬನ್ನಿ, ಇನ್ನೊಬ್ಬರಲ್ಲಿಗೆ ಹೋಗಿ, ಅಲ್ಲೂ ಆಗದಿದ್ದರೆ ಮತ್ತೊಬ್ಬರಲ್ಲಿಗೆ. ನಿಮ್ಮಲ್ಲಿ ಇನ್ನೂ ಮತ್ತೊಬ್ಬರಿದ್ದಾರೆ. ಕೊನೆಗೆ ಇದು. ಎಂದಾದರೂ ಜ್ವರಕ್ಕೋ ಕೆಮ್ಮಿಗೋ ದವಾಖಾನೆಗೆ ಹೋಗಿ ಬೆಂಚಿನ ಮೇಲೆ ಕೂತಿರುತ್ತೀರಿ. ಒಳಗೆ ಹೋದವರು ಒಂದು ತಾಸಾದರೂ ಹೊರಗೆ ಬಂದಿರುವುದಿಲ್ಲ. ನೀವು ಗಡಿಯಾರ ನೋಡುತ್ತೀರಿ, ಪಕ್ಕದವರನ್ನು ನೋಡುತ್ತೀರಿ, ನಿಟ್ಟುಸಿರು ಬಿಡಲು ಎದೆ ತುಂಬಿಕೊಳ್ಳುತ್ತೀರಿ. ದಯವಿಟ್ಟು ಅದನ್ನು ಒಳಗೇ ಇಟ್ಟುಕೊಳ್ಳಿ. ಅಲ್ಲಿ ಬಿಟ್ಟ ಉಸಿರು ನಮ್ಮಲ್ಲಿಗೆ ಆದೇಶವಾಗಿ ಬರುತ್ತದೆ.

ಇತಿ, ನಿಮಗಿಂತ ತಡವಾಗಿ ಹುಟ್ಟಿದ,
ಮಹಾರುದ್ರ ಕೌಲಗಿ