ಒಚಾನೊಮಿಝುವಿನಲ್ಲಿ ತೀರ್ಥ

ದೊಡ್ಡಮ್ಮಾ,

ಇವತ್ತು ಒಂದು ಎಡವಟ್ಟು ಮಾಡಿದೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಟೋಕಿಯೋದ ಒಚಾನೊಮಿಝುವಿನಲ್ಲಿ ಬೈಜಾಂಟೈನ್ ಶೈಲಿಯ ಹಳೆಯ ಚರ್ಚೊಂದಿದೆ. ಆಫೀಸಿನ ಮಿಝುನೊ ಸಾನ್ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ಒಬ್ಬ ಅಜ್ಜಿ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕುತ್ತಿದ್ದರು. ನನ್ನ ಕಣ್ಣು ಒಳಗಿನ ಮೇರಿ ತಾಯಿಯ ಚಿತ್ರದ ಮೇಲಿತ್ತು. ನಿನ್ನ ದೇವರಮನೆಯ ಪಟದ ಹಾಗೇ ಚಿನ್ನದ ರೇಕು, ಅದೇ ದೊಡ್ಡ ಕಣ್ಣು. ತೀರ್ಥವೆಂದೇ ಕೈ ಒಡ್ಡಿ ಬಾಯಿಗೆ ಎತ್ತಿದೆ. ಮಾಸ್ಕ್ ಇತ್ತು, ಬದುಕಿದೆ. "ತೀರ್ಥ ಚೆಲ್ಬಾರ್ದು ಕಣೋ, ಉಳಿದಿದ್ದು ತಲೆಗೆ ಒರೆಸ್ಕೋ" ಅನ್ನುತ್ತಿದ್ದೆಯಲ್ಲ, ಒರೆಸಿಕೊಂಡೆ.

ಹಿಂದಿದ್ದ ಮಿಝುನೊ ಸಾನ್ ಇದೇ ಇಲ್ಲಿನ ನಿಯಮವೆಂದುಕೊಂಡು ತಾವೂ ತಲೆಗೆ ಒರೆಸಿಕೊಂಡರು. ಅವರನ್ನು ನೋಡಿ ಅವರ ಹಿಂದಿನವರು, ಕೊನೆಗೆ ಇಡೀ ಸಾಲು. ಅಜ್ಜಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಆಮೇಲೆ ನನಗೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆಬಾಗಿ, ತಮ್ಮ ಬಿಳಿ ಕೂದಲಿಗೂ ಹಚ್ಚಿಕೊಂಡರು!

ಗುಮ್ಮಟದ ಕೆಳಗೆ ನಿಂತು ಕಣ್ಣೊರೆಸಿಕೊಂಡೆ. ಮಿಝುನೊ ಸಾನ್ ಕೇಳಿದರು, ನಗು ತಡೆಯಲಾಗಲಿಲ್ಲ ಎಂದೆ.

ಕೊರೊನಾದಿಂದ ವಿಮಾನ ನಿಂತು ನಾನು ಬರಲಾಗದ ಆ ವಾರ, ಕೊನೆಗಳಿಗೆಯಲ್ಲಿ ನಿನ್ನ ಬಾಯಿಗೆ ತೀರ್ಥ ಬಿಟ್ಟದ್ದು ಆಸ್ಪತ್ರೆಯ ಯಾರೋ ನರ್ಸಂತೆ. ನಾನು ನೋಡು, ಇಲ್ಲಿ ಗುರುತಿಲ್ಲದ ಅಷ್ಟೂ ಜನರ ತಲೆಗೆ ಹಾಕಿಸಿ ಬಂದೆ.