ತಾಳಿಯ ಫೋಟೋ, ಕ್ಷಿಪಣಿಯ ಫೋಟೋ

ಅಪ್ಪಾ,

ಗೆದ್ದೆ ನೋಡು! ನೀನು ಹೋಗಿ ಎರಡು ಬೇಸಿಗೆ ಕಳೆದವು, ಇಂಥ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನೌಕಾಪಡೆಯಲ್ಲಿ ಫೋಟೋಗ್ರಾಫರ್ ಆಗುತ್ತೇನೆ ಎಂದು ನಾನು ಅಂದ ದಿನ ನೆನಪಿದೆಯಾ? ಕುರುಗೋಡಿನ ನಮ್ಮ ಫೋಟೋ ಸ್ಟುಡಿಯೋದಲ್ಲಿ ಕೂತು ನೀನು, "ಸಮುದ್ರದಾಗ ಯಾರ ಮದಿವಿ ಐತವ್ವಾ?" ಎಂದು ಹೊಟ್ಟೆ ಹಿಡಿದು ನಕ್ಕಿದ್ದೆ. ಯುದ್ಧ ನಡೆದರೆ ಏಟು ಎಲ್ಲಿ ಬಿತ್ತು ಎಂಬುದಕ್ಕೆ ನಮ್ಮ ಫೋಟೋನೇ ಸಾಕ್ಷಿ, ಅಪ್ಪಾ.

ಮೊನ್ನೆ ಸಮರಾಭ್ಯಾಸವಿತ್ತು. ಹಳೆಯ ಖಾಲಿ ಹಡಗೊಂದನ್ನು ನಡುಗಡಲಿಗೆ ಎಳೆದು ತಂದು ಗುರಿ ಮಾಡಿದ್ದರು. ಒಂದೇ ಕ್ಷಿಪಣಿ. ಮೋಡ ಕವಿದು, ಮೇಲಿಂದ ಚಿತ್ರ ತೆಗೆಯಬೇಕಿದ್ದ ಡ್ರೋನ್ ಹಾರಲಿಲ್ಲ. ಕ್ಯಾಪ್ಟನ್ ನನ್ನ ಕಡೆ ತಿರುಗಿ, ಇನ್ನು ನೀನೊಬ್ಬಳೇ ಎಂದರು. ತಪ್ಪಿದರೆ? ಮುಳುಗಿದ ಹಡಗಿಗೆ ಇನ್ನೊಮ್ಮೆ ಮುಳುಗು ಅನ್ನಲಾದೀತೇ? ಲೆನ್ಸನ್ನು ಮೂರು ಸಲ ಒರೆಸಿದೆ, ಸುಳ್ಳು ಯಾಕೆ ಹೇಳಲಿ.

ಆಗ ನಾವಿಬ್ಬರೂ ಫೋಟೋ ತೆಗೆಯಲು ಹೋಗಿದ್ದ ಸಿರುಗುಪ್ಪದ ಆ ಮದುವೆ ಕಣ್ಮುಂದೆ ಬಂತು. ಬಜಂತ್ರಿ ಜೋರಾದ ಮೇಲೆ ನಾನು ಬಟನ್ ಒತ್ತಿದ್ದೆ. ಸಿಕ್ಕಿದ್ದು ಅಕ್ಷತೆ ಎರಚುವ ಕೈಗಳು ಮಾತ್ರ. ಪುಣ್ಯಕ್ಕೆ ತಾಳಿಯ ಫೋಟೋ ನೀನು ತೆಗೆದಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ, "ಸದ್ದಿಗೆ ಕಾಯಬ್ಯಾಡವ್ವಾ, ಮದುಮಗನ ಕೈ ನೋಡು. ಬಜಂತ್ರಿ ಕೇಳೋದ್ರಾಗ ಗಂಟು ಬಿದ್ದಿರ್ತೈತಿ" ಅಂದಿದ್ದೆ.

ಹಾಗೇ ಮಾಡಿದೆ. ಉಳಿದವರು ಸ್ಫೋಟದ ಸದ್ದಿಗೆ ಕಿವಿಗೊಟ್ಟು ನಿಂತಿದ್ದರು. ನಾನು ಉದ್ದನೆಯ ಲೆನ್ಸಿನಲ್ಲಿ ಗುರಿಹಡಗನ್ನೇ ಹಿಡಿದಿದ್ದೆ. ಕ್ಷಿಪಣಿ ನೀರಿನ ಮೇಲೆ ತಗ್ಗಿ ಬಂದದ್ದು ಕಂಡಿದ್ದೇ ತಡ, ಬಟನ್ ಒತ್ತಿದವಳು ಬೆರಳು ತೆಗೆಯಲಿಲ್ಲ. ಸದ್ದು ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಕ್ಷಿಪಣಿಯ ಮೂತಿ ಹಡಗಿನ ಪಕ್ಕೆಗೆ ತಾಗಿದ ಆ ಕ್ಷಣ, ಕನ್ನಡಿಯಷ್ಟು ಸ್ಪಷ್ಟ! ನಮ್ಮ ಹಡಗಿನ ಡೆಕ್ಕಿನ ಮೇಲೆ ಎಲ್ಲರೂ ಕೂಗಾಡಿದರು. ನಾನು ಅತ್ತೆ, ಆಮೇಲೆ ಕುಣಿದೆ. ನೀನು ಇದ್ದಿದ್ದರೆ…

ಇನ್ನೊಂದು ಸುದ್ದಿ. ಕುರುಗೋಡಿನ ಮನೆಮನೆಯ ಆಲ್ಬಮ್‌ನಲ್ಲಿ ನೀನು ತೆಗೆದ ಫೋಟೋಗಳಿವೆ, ಯಾವುದರಲ್ಲೂ ನೀನಿಲ್ಲ. ಆ ಸಂಜೆ ಗ್ರೂಪ್ ಫೋಟೋ ತೆಗೆಯಲು ನಾನು ಎದುರಿಗೆ ಹೋದರೆ, ಕ್ಯಾಪ್ಟನ್ ಕ್ಯಾಮೆರಾ ಕಸಿದುಕೊಂಡು ತಾವೇ ತೆಗೆದರು. ಎಲ್ಲರ ಕಾಲುಗಳೂ ಕತ್ತರಿಸಿ ಹೋಗಿವೆ. ನೋಡಿದ್ದರೆ ನೀನು ಬೈಯದೆ ಬಿಡುತ್ತಿರಲಿಲ್ಲ. ಆದರೆ ನಾನಿದ್ದೇನೆ ಅಪ್ಪಾ, ಫೋಟೋದಲ್ಲಿ, ನಟ್ಟನಡುವೆ.

ನಿನ್ನ
ಗಂಗಿ